ಲೈಬ್ರರಿ ಎರಡು ಸಲ ಯಾಕೆ, ಮೇಡಂ?

ನಾಲ್ಕು ಸಾಲಿನ ಪ್ರೋಗ್ರಾಮ್ ಬರೆದು ನಾನೂರು ಸಾಲು ಬೈಸಿಕೊಂಡಿದ್ದೀರಾ? ನಾನು ಮೊನ್ನೆ ಭಾನುವಾರ ಬೈಸಿಕೊಂಡೆ.

ತಪ್ಪು ನನ್ನ ಬಾಯಿಯದೇ. ಚಾಮರಾಜನಗರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವಳು ನಾನು. ಈ ವರ್ಷ ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆ. ಒಂದು ಕಮ್ಯಾಂಡ್ ಕೊಟ್ಟರೆ ಪ್ರೋಗ್ರಾಮ್ ರೆಡಿ.

"ಆ ಕಮ್ಯಾಂಡ್ ಒಳ್ಗೆ ಏನಾಯ್ತದೆ ಮೇಡಂ?" ಎಂದಳು ಪುಣಜನೂರಿನಿಂದ ಬಸ್ಸಿನಲ್ಲಿ ಬರುವ ಶಿಲ್ಪ.

ಕಂಪೈಲ್ ಆದ, ಅಂದರೆ ಯಂತ್ರದ ಭಾಷೆಗೆ ಇಳಿದ ನಮ್ಮ ತುಂಡನ್ನು ಬೇರೆಯವರು ಮೊದಲೇ ಬರೆದಿಟ್ಟ ಲೈಬ್ರರಿಗಳ ಜೊತೆ ಸೇರಿಸುವುದೇ ಲಿಂಕಿಂಗ್ ಎಂದೆ. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? "ಸೋಮವಾರ ನಿಮ್ಮೆದುರಿಗೇ ಕೈಯಾರೆ ಲಿಂಕ್ ಮಾಡಿ ತೋರಿಸ್ತೀನಿ" ಎಂದುಬಿಟ್ಟೆ.

ಭಾನುವಾರ ಮನೆಯಲ್ಲಿ ಪ್ರಾಕ್ಟೀಸಿಗೆ ಕೂತೆ. ಬೇಕಾದ ಲೈಬ್ರರಿಗಳನ್ನೆಲ್ಲ ಮೊದಲು ಬರೆದು, ಕೊನೆಗೆ ನನ್ನ ಫೈಲ್ ಹಾಕಿದೆ. (ಸಾಮಾನು ಜೋಡಿಸಿಕೊಂಡೇ ಒಲೆ ಹಚ್ಚುವುದು ನನ್ನ ಅಭ್ಯಾಸ.) ಎಂಟರ್ ಒತ್ತಿದ್ದೇ ತಡ, ಸ್ಕ್ರೀನ್ ತುಂಬ ಎರರ್. ಇದು ಸಿಗಲಿಲ್ಲ, ಅದು ಸಿಗಲಿಲ್ಲ. ಅರೆ, ಪಕ್ಕದಲ್ಲೇ ಇದೆಯಲ್ಲ! ನಾಳೆ ಅರವತ್ತು ಮಕ್ಕಳ ಮುಂದೆ ನನ್ನ ಮಾನ ಏನಾಗಬೇಕು?

ಭೀಮನಬೀಡಿನಿಂದ ಬಂದಿದ್ದ ಚಿಕ್ಕಮ್ಮ ಅವರೆಕಾಯಿ ಸುಲಿಯುತ್ತಿದ್ದಳು. "ಯಾಕಮ್ಮಿ, ಒಬ್ಳೇ ಗೊಣಗ್ತಿದ್ದೀಯ?"

"ಕೆಲಸಕ್ಕೆ ಬೇಕಾದ ಆಳುಗಳನ್ನೆಲ್ಲ ಮೊದಲೇ ತಂದು ನಿಲ್ಲಿಸಿದ್ದೀನಿ ಚಿಕ್ಕಮ್ಮ. ಆದ್ರೂ ಆಳೇ ಇಲ್ಲ ಅಂತದೆ ಇದು."

ಚೆಂಡುಹೂ ಕೀಳಲು ವರ್ಷವೂ ಆಳು ಕರೆಯುವವಳು ಅವಳು. ನಕ್ಕಳು. "ಒಲ ತೋರುಸ್ದೆ ಕರ್ಕಬಂದ್ರೆ ಆಳು ನಿಂತ್ಕತ್ತಾರಾ? ಇಲ್ಲಿ ನಮ್ಗೇನು ಕೆಲ್ಸ ಅಂತ ವಂಟೋಯ್ತಾರೆ ಕಣಮ್ಮಿ. ಮೊದ್ಲು ಕೆಲ್ಸ ತೋರ್ಸು, ಆಮೇಲೆ ಆಳು ಕರಿ."

ನನ್ನ ಫೈಲನ್ನು ಮುಂದಕ್ಕೆ ತಂದೆ, ಲೈಬ್ರರಿಗಳನ್ನು ಹಿಂದಕ್ಕೆ ಹಾಕಿದೆ. ನಾನೂರು ಎರರ್ ಒಂಬತ್ತಾಯಿತು! ಲಿಂಕ್ ಮಾಡುವ ಪ್ರೋಗ್ರಾಮ್, ಅಂದರೆ ಲಿಂಕರ್, ನಾವು ಕೊಟ್ಟ ಹೆಸರುಗಳನ್ನು ಸಾಲಾಗಿ ಓದುತ್ತದೆ, ಅಲ್ಲಿಯವರೆಗೆ ಯಾರೂ ಕೇಳದ್ದನ್ನು ಬಿಟ್ಟು ಮುಂದೆ ಹೋಗುತ್ತದೆ. (ಇದನ್ನು ನಾನೇ ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದ್ದೇನೆ. ನಗಬೇಡಿ.)

ಉಳಿದ ಒಂಬತ್ತಕ್ಕೆ ಮಾತ್ರ ಚಿಕ್ಕಮ್ಮನ ಬಳಿಯೂ ಮದ್ದಿರಲಿಲ್ಲ. ಸಿಟ್ಟಿನಲ್ಲಿ ಒಂದು ಲೈಬ್ರರಿಯ ಹೆಸರನ್ನು ಸಾಲಿನ ಕೊನೆಗೆ ಇನ್ನೊಮ್ಮೆ ಬರೆದೆ. ಪ್ರೋಗ್ರಾಮ್ ಓಡಿತು! ತೆಗೆದರೆ ಮತ್ತೆ ಒಂಬತ್ತು ಎರರ್. ಹಾಕಿದರೆ ಸರಿ. ಯಾಕೆ? ಸಂಜೆಯವರೆಗೂ ತಲೆ ಕೆರೆದುಕೊಂಡೆ, ಹೊಳೆಯಲಿಲ್ಲ.

ಸೋಮವಾರ ಲಿಂಕ್ ಮಾಡಿ ತೋರಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಉಸಿರು ಬಿಡುವಷ್ಟರಲ್ಲಿ ಶಿಲ್ಪ ಎದ್ದು ನಿಂತಳು. "ಆ ಲೈಬ್ರರಿ ಎರಡು ಸಲ ಯಾಕೆ, ಮೇಡಂ?"

ಏನೋ ಒಂದು ಹೇಳಿ ಬಾಯಿ ಮುಚ್ಚಿಸಬಹುದಿತ್ತು. "ನಂಗೆ ಗೊತ್ತಿಲ್ಲ ಕಣಮ್ಮ" ಎಂದೆ.

ಹದಿನೆಂಟು ವರ್ಷದ ಪಾಠದಲ್ಲಿ ನಾನು ಆ ಮಾತು ಹೇಳಿದ್ದು ಇದೇ ಮೊದಲು. ಹಾಗಾದರೆ ಇಷ್ಟು ವರ್ಷ, ಗೊತ್ತಿಲ್ಲದ್ದಕ್ಕೆಲ್ಲ ನಾನು ಏನು ಹೇಳುತ್ತಿದ್ದೆ?