ಮೀಸೆಯ ಪೊಲೀಸ್

ಅಮೆರಿಕದ ನಟನೊಬ್ಬನೆಂದರೆ ನನಗೆ ಹುಚ್ಚು. ನಾಟಕದಲ್ಲಿ ರಾಜನಾದವನು ಸಿನಿಮಾದಲ್ಲಿ ಕಳ್ಳನಾದರೆ ಗುರುತೇ ಸಿಗುವುದಿಲ್ಲ. ನನಗೂ ಹಾಗಾಗಬೇಕೆಂಬ ಆಸೆ. ಡೊಂಬಿವಲಿಯಲ್ಲಿ ನಮ್ಮ ಕನ್ನಡದವರ ನಾಟಕದಲ್ಲಿ ವಕೀಲ, ಪೊಲೀಸ್ ಎರಡೂ ಪಾತ್ರ ಕೇಳಿ ಪಡೆದೆ.

ನಾಟಕದ ಮರುದಿನ ನಾನು ಕೆಲಸ ಮಾಡುವ ರಬಾಳೆಯ ಲ್ಯಾಬಿಗೆ ಹೊರಟಿದ್ದೆ. ಲೋಕಲ್ ರೈಲಿನಲ್ಲಿ ಪಕ್ಕ ಕೂತಿದ್ದ ಉಡುಪಿ ಕಡೆಯ ಹಿರಿಯರೊಬ್ಬರು, "ನಿನ್ನೆ ವಕೀಲ ಆದದ್ದು ನೀವೇ ಅಲ್ವಾ ಮಾರಾಯ್ರೆ? ಭಾರೀ ಲಾಯ್ಕಾಯ್ತು" ಎಂದರು.

ನಾನು ಉಬ್ಬಿದೆ.

"ಆದ್ರೆ ಆ ಪೊಲೀಸ್ ಯಾರು? ಮೀಸೆ ಬಿಟ್ರೆ ಅವನಲ್ಲಿ ಎಂತದೂ ಇಲ್ಲ. ನಾಟಕವನ್ನೇ ಹಾಳು ಮಾಡಿದ."

ಗುರುತು ಸಿಕ್ಕಿರಲಿಲ್ಲ. ಆಸೆ ಈಡೇರಿತ್ತು. ಆದರೆ ಅದು ನಾನೇ ಎನ್ನಲು ಬಾಯಿ ಬರಲಿಲ್ಲ.

"ಕಲ್ಯಾಣ್ ಕಡೆಯವನು," ಎಂದೆ. "ಇನ್ನು ಕರೆಯುವುದಿಲ್ಲ."

ನಾನು ರೈಲು ಬದಲಿಸುವ ಥಾಣೆ ಬರುವವರೆಗೂ ಇಬ್ಬರೂ ಸೇರಿ ಅವನನ್ನು ಬೈದೆವು.