ಅತ್ತೆಯ ತಲೆಯೂ ಬಾವನ ಹಾಯಿಯೂ

ಹೊನ್ನಾವರದಲ್ಲಿ ಶರಾವತಿಗೆ ಸೇತುವೆ ಆಗುವ ಮೊದಲಿನ ಮಾತು. ನಮ್ಮ ಮನೆಗೊಂದು ಸಣ್ಣ ಹಾಯಿದೋಣಿ ಇತ್ತು. ನಡೆಸುವವರು ಬಾವ, ಅಂದರೆ ನನ್ನ ಗಂಡನ ಅಣ್ಣ. ಹಾಯಿಯ ಕೆಳಅಂಚಿಗೆ ಉದ್ದನೆಯ ಬಿದಿರಿನ ಗಳ ಕಟ್ಟಿರುತ್ತಿತ್ತು. ದೋಣಿ ತಿರುಗಿಸಿದಾಗಲೆಲ್ಲ ಆ ಗಳ, ಹಿಂದಿನ ಹಲಗೆಯ ಮೇಲೆ ಕೂತವರ ತಲೆಯ ಮಟ್ಟದಲ್ಲಿ, ಈ ಬದಿಯಿಂದ ಆ ಬದಿಗೆ ಬೀಸಿಕೊಂಡು ಹೋಗುತ್ತಿತ್ತು. ಬಾವ "ತಲೆ!" ಎಂದು ಕೂಗುವುದು, ಕೂತವರು ಬಗ್ಗುವುದು. ಆ ಹಲಗೆ ಹೆಂಗಸರದ್ದು. ಗಂಡಸರು ಹಾಯಿ ಏರಿಸುವ ಕೂವೆಮರದ ಮುಂದೆ, ಗಳ ಬಾರದ ಜಾಗದಲ್ಲಿ, ಕಾಲು ಚಾಚಿ ಬೀಡಿ ಸೇದುತ್ತಿದ್ದರು. ಈ ಏರ್ಪಾಡು ಯಾರು ಮಾಡಿದ್ದೋ! ನೆನೆದರೆ ಈಗಲೂ ಮೈ ಉರಿಯುತ್ತದೆ.

ಹಾಯಿ ಹೊಸದಿದ್ದಾಗ ಗಳ ಅಷ್ಟು ಕೆಳಗಿರಲಿಲ್ಲ. ಕೋರಾ ಬಟ್ಟೆ ನೇತು ಬಿದ್ದು, ಗಾಳಿ ತುಂಬಿ ತುಂಬಿ ಹಿಗ್ಗಿತು. ಹೊಲಿಸುವಾಗ ಬಾವ ಅದಕ್ಕೆಂದು ಒಂದು ಗೇಣೂ ಬಿಟ್ಟಿರಲಿಲ್ಲ. ಹೊಳೆಯಲ್ಲೇ ದೊಡ್ಡ ಹಾಯಿ ತಮ್ಮದಾಗಬೇಕಿತ್ತಲ್ಲ. ಮೇಲಕ್ಕೆ ಎಳೆಯೋಣವೆಂದರೆ ಅದರ ನೆತ್ತಿ ಆಗಲೇ ಕೂವೆಮರದ ತುದಿ ಮುಟ್ಟಿತ್ತು.

ಅತ್ತೆಗೆ ಸೊಂಟ ಹಿಡಿದಿತ್ತು, ಥಟ್ಟನೆ ಬಗ್ಗಲಾರರು. ಒಂದು ದಿನ ಗಳ ಬಡಿದು ಅವರ ಕಿವಿ ಊದಿಕೊಂಡಿತು. ಬಾವ ತಮ್ಮ ತಾಯಿಗೆ ಎಂತ ಹೇಳಿದರು ಗೊತ್ತೇ?

"ಕೂಗಿದ್ದೆ ಅಲ್ಲ, ಆಯಿ? ಬಗ್ಗೂಕೆ ಎಂತ ಆಗಿತ್ತು?"

ಆಮೇಲೆ ಅತ್ತೆ ದೋಣಿ ಹತ್ತಲಿಲ್ಲ. ಹೊಳೆಯಾಚೆ ಕಾಸರಕೋಡಿನಲ್ಲಿ ಅವರ ಮಗಳಿಗೆ ದಿನ ತುಂಬುತ್ತಿತ್ತು. ಎರಡನೆಯ ಹೆರಿಗೆ. ಆ ಮನೆಯಲ್ಲಿ ಬಾಣಂತನ ಮಾಡಲು ಬೇರೆ ಹೆಂಗಸಿಲ್ಲ, ಅತ್ತೆಯೇ ಹೋಗಬೇಕು. ಎಲ್ಲರಂತೆ ಕಾಸು ಕೊಟ್ಟು ತಾರಿ ದೋಣಿಯಲ್ಲಿ ದಾಟಬಹುದಿತ್ತು. ಬಾವ ಬಿಡರು. "ಮನೇಲಿ ದೋಣಿ ಇಟ್ಕಂಡು ಆಯಿ ತಾರಿ ಹತ್ತಿದ್ರೆ ಊರವ್ರು ಎಂತ ಹೇಳೂದು?" ತಾಯಿಗೆ ಬಗ್ಗಲಾಗದು, ಹಾಯಿಯನ್ನು ಯಾರೂ ಮುಟ್ಟಬಾರದು, ತಾರಿಯೂ ಕೂಡದು. ಹಾಗಾದರೆ ಅವರೇನು ಈಜಿಕೊಂಡು ಹೋಗಬೇಕಿತ್ತೇ?

ತಮ್ಮನ ಹೆಂಡತಿ ಬಾವನೊಡನೆ ನೇರ ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಹೇಳಬೇಕಾದ್ದನ್ನು ಅವರಿಗೆ ಕೇಳುವಂತೆ ಬೇರೆ ಯಾರಿಗಾದರೂ ಹೇಳಬೇಕು. ನಮ್ಮವರು ಸರಕಿನ ಮಚವೆಯಲ್ಲಿ ಮುಂಬಯಿ ಕಡೆ ಹೋಗಿದ್ದರು. ನಾನು ಒಲೆಬದಿಯ ಬೆಕ್ಕಿಗೆ ಹೇಳಿದೆ:

"ಕೇಳಿದ್ಯನೇ? ಆಯಿ ಸೊಂಟ ಮುರಿದ್ರೂ ಅಡ್ಡಿಲ್ಲ, ಹಾಯಿ ಮಾತ್ರ ನಾಕು ಬೆರಳು ಮೇಲೆ ಹೋಗೂಕಾಗ."

ಜಗಲಿಯಿಂದ ಬಾವನೂ ಬೆಕ್ಕಿಗೇ ಉತ್ತರ ಕೊಟ್ಟರು: "ಹಾಯಿ ವಿಷಯ ಬೆಕ್ಕಿಗೆ ಎಂತ ಗೊತ್ತು? ಮೀನು ತಿಂದ್ಕಂಡು ಬಿದ್ಕಣ್ಲಿ."

ಆದರೂ ಮಾತು ಚುಚ್ಚಿರಬೇಕು. ಮಾರನೆಯ ದಿನ ಗಳದ ಹಿಂತುದಿಗೆ ಹಗ್ಗ ಕಟ್ಟಿ ಕೂವೆಮರದ ತುದಿಗೆ ಎಳೆದು ಬಿಗಿದರು. ಗಳವೇನೋ ಮೇಲೆದ್ದಿತು, ಹಾಯಿ ಮಾತ್ರ ಹಿಟ್ಟಿನ ಚೀಲದ ಹಾಗೆ ಜೋತುಬಿದ್ದು ಗಾಳಿಯನ್ನೇ ಹಿಡಿಯಲಿಲ್ಲ. ಇಳಿತದ ನೀರು ದೋಣಿಯನ್ನು ಹೊಳೆ ಸಮುದ್ರ ಸೇರುವ ಅಳಿವೆಯ ಕಡೆ ಒಯ್ಯತೊಡಗಿದಾಗ ಹುಟ್ಟು ಹಾಕಿ ಬೆವರು ಸುರಿಸಿಕೊಂಡು ವಾಪಸು ಬಂದರು. ಆ ಸಿಟ್ಟೂ ನಮ್ಮ ಮೇಲೆಯೇ.

ನಾನು ಮತ್ತೆ ಬೆಕ್ಕನ್ನು ಕರೆದೆ. "ಹುಡುಗಿಯರ ಲಂಗ ಉದ್ದ ಆದ್ರೆ ಕೆಳಗೆ ಮಡಚಿ ಟಕ್ಕು ಹಿಡೀತ್ರು. ಹಾಯಿಗೂ ಹಾಂಗೇ ಹಿಡಿದು, ಗಳದ ಮುಂದಿನ ಕಟ್ಟೂ ಅಷ್ಟೇ ಮೇಲೆ ಮಾಡಿದ್ರೆ ಆತು."

"ಲಂಗದ ಹಾಯಿ ಕಟ್ಕಂಡು ಬಂದರದಲ್ಲಿ ಹೋದ್ರೆ ನಾ ಗಂಡಸಾ?" ಎಂದರು ಬಾವ.

ಎಲೆಗೆ ಸುಣ್ಣ ಹಚ್ಚುತ್ತಿದ್ದ ಅತ್ತೆ ಹೇಳಿದರು: "ಆತು. ನಾಳೆ ನಾ ತಾರೀಲೇ ಹೋಗ್ತೆ. ಯಾರ ಮನೆ ಆಯಿ ಅಂತ ಕೇಳಿದ್ರೆ ನಿನ್ನ ಹೆಸರೇ ಹೇಳ್ತೆ."

ಬಾವ ಹಾಯಿ ಬಿಚ್ಚಿ ತಂದು ಜಗಲಿಗೆ ಎಸೆದರು. ಅತ್ತೆ ಬಟ್ಟೆ ಬಿಗಿಹಿಡಿದರು, ನಾನು ಗೋಣಿ ಹೊಲಿಯುವ ದಬ್ಬಳದಿಂದ ಕೆಳಅಂಚನ್ನು ಒಂದು ಮೊಳ ಮಡಚಿ ಹೊಲಿದೆ. ಬೆರಳ ತುದಿಯೆಲ್ಲ ತೂತು.

ಮರುದಿನ ದಾಟಿದೆವು. ದೋಣಿ ಸಲೀಸಾಗಿ ಓಡಿತು. ನಡುಹೊಳೆಯಲ್ಲಿ ಎದುರಾದ ದೋಣಿಯವನೊಬ್ಬ ಕೂಗಿದ: "ಹಾಯಿಗೆ ಲಂಗ ಹೊಲ್ಸಿದ್ಯನಾ?"

ಬಾವ ಎದೆ ಉಬ್ಬಿಸಿದರು. "ಆಯಿ ಸಲುವಾಗಿ! ನಾನೇ ಯೋಚ್ನೆ ಮಾಡಿ ಹಿಡ್ಸಿದ್ದು!"

ಯೋಚನೆ ನನ್ನದು, ಹೊಲಿಗೆ ನನ್ನದು. ಹೇಳಿಕೊಳ್ಳೋಣವೆಂದರೆ ದೋಣಿಯಲ್ಲಿ ಬೆಕ್ಕೂ ಇರಲಿಲ್ಲ.

ಅಷ್ಟರಲ್ಲಿ ದೋಣಿ ತಿರುಗಿಸಬೇಕಾಯಿತು. ಬಾವ ಎಂದಿನಂತೆ ಕೂಗಿದರು: "ತಲೆ!"

ನಾನು ಅಭ್ಯಾಸಬಲದಿಂದ ಬಗ್ಗಿಬಿಟ್ಟೆ. ಅತ್ತೆ ಬಗ್ಗಲಿಲ್ಲ. ಬಾಣಂತಿಯ ಮದ್ದಿನ ಗಂಟನ್ನು ಮಡಿಲಲ್ಲಿ ಹಿಡಿದು ನೆಟ್ಟಗೆ ಕೂತೇ ಇದ್ದರು. ಗಳ ಅವರ ತುರುಬಿನ ಮೇಲಿಂದ ಹಾದು ಆಚೆ ಬದಿಗೆ ಹೋಯಿತು.

"ನನ್ನ ತಲೆ ಇದ್ದಲ್ಲೇ ಅದೆ," ಎಂದರು. "ನೀ ಚುಕ್ಕಾಣಿ ನೋಡು. ಹುಡುಗಿ ಕಾಯ್ತಾ ಅದೆ."