ಅಜ್ಜಿ ತಿದ್ದಿದ ಗೋಡೆ

ಊರಿನ ಹಳೆಯ ಮನೆಗಳ ವಿಷಯದಲ್ಲಿ ಯಾರಿಗೆ ಅನುಮಾನ ಬಂದರೂ ಸ್ಟುಡಿಯೋ ಅಜ್ಜಿಯ ಮನೆಗೆ ಹೋಗುವುದು ವಾಡಿಕೆ. ಬಟ್ಟೆ ವ್ಯಾಪಾರಿಯ ಮನೆಗೆ ಎಷ್ಟು ಕಂಬಗಳಿದ್ದವು, ಅಂಚೆ ಕಚೇರಿಯ ಬಾಗಿಲು ಮೊದಲು ಯಾವ ಕಡೆಗಿತ್ತು, ದರ್ಜಿಯ ತಾತನಿಗೆ ನಿಜಕ್ಕೂ ಮಹಡಿ ಮನೆ ಇತ್ತೋ ಇಲ್ಲ ದರ್ಜಿ ಸುಮ್ಮನೆ ಕೊಚ್ಚಿಕೊಳ್ಳುತ್ತಾನೋ, ಇಂಥ ಜಗಳಗಳೆಲ್ಲ ಕೊನೆಗೆ ಬಗೆಹರಿಯುತ್ತಿದ್ದದ್ದು ಅವಳ ಹಿಂದಿನ ಕೋಣೆಯಲ್ಲಿ. ಅಲ್ಲಿ ಮರದ ಪೆಟ್ಟಿಗೆಗಳ ತುಂಬ ನಾನೂರ ಚಿಲ್ಲರೆ ಗಾಜಿನ ನೆಗೆಟಿವ್‌ಗಳಿದ್ದವು. ಒಂದೊಂದು ಗಾಜಿನಲ್ಲಿ ಒಂದೊಂದು ಕಟ್ಟಡ. ಎಲ್ಲವನ್ನೂ ತೆಗೆದವನು ಅಜ್ಜಿಯ ಗಂಡ. ಊರಿಗೆಲ್ಲ ಅವನು ಫೋಟೋ ಮಾಮ. ಅವನು ತೀರಿಕೊಂಡು ಹತ್ತು ವರ್ಷವಾಗಿದ್ದರೂ ಅಂಗಡಿಯ ಮುಂದೆ ಅವನು ಬರೆಸಿದ್ದ ಸಾಲು ಹಾಗೇ ಇತ್ತು: ‘ನಮ್ಮ ಕ್ಯಾಮೆರಾ ಸುಳ್ಳು ಹೇಳುವುದಿಲ್ಲ.’

ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕ್ಯಾಮೆರಾ ಪಾಪ ಸತ್ಯವನ್ನೇ ಹೇಳುತ್ತಿತ್ತು. ಸುಳ್ಳೆಲ್ಲ ಹೇಳುತ್ತಿದ್ದವಳು ಹಿಂದಿನ ಕೋಣೆಯಲ್ಲಿ ಕೂತ ಹೆಂಡತಿ.

ಮದುವೆಯಾದ ಹೊಸದರಲ್ಲಿ ಮೊಡವೆ, ಸಿಡುಬಿನ ಕಲೆ ತೆಗೆಯುವ ಟಚಿಂಗ್ ಕೆಲಸವನ್ನು ಗಂಡನೇ ಅವಳಿಗೆ ಕಲಿಸಿದ್ದ. ಗಾಜನ್ನು ಬೆಳಕಿಗೆ ಒಡ್ಡಿ, ನೀರಿನಲ್ಲಿ ಕದಡಿದ ಕೆಂಪು ಬಣ್ಣವನ್ನು ಕೂದಲೆಳೆಯ ಕುಂಚದಿಂದ ಹಚ್ಚಿದರೆ ಮುಖದ ಕಪ್ಪು ಕಲೆ ಫೋಟೋದಲ್ಲಿ ಬೆಳ್ಳಗಾಗುತ್ತದೆ. ಬ್ಲೇಡಿನ ತುದಿಯಿಂದ ಕೆರೆದರೆ ಬೆಳ್ಳಗಿದ್ದದ್ದು ಕಪ್ಪಾಗುತ್ತದೆ. ಇಷ್ಟೇ ವಿದ್ಯೆ. ಆದರೆ ಈ ವಿದ್ಯೆ ಎಂಥವರ ಕೈಗೆ ಸಿಕ್ಕಿತು ನೋಡಿ. ಪಕ್ಕದ ಮನೆಯವರ ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿದ್ದರೆ ಹೋಗಿ ಜೋಡಿಸಿ ಬರುವಂಥ ಹೆಂಗಸಿನ ಕೈಗೆ ಸಿಕ್ಕಿತು.

ಮೊದಲು ಒಂದು ಮನೆಯ ಫೋಟೋದಲ್ಲಿ ಬಟ್ಟೆ ಒಣಹಾಕಿದ ಹಗ್ಗ ಹೋಯಿತು. ಮನೆಯ ಯಜಮಾನ ಫೋಟೋ ನೋಡಿ, “ನಮ್ಮ ಮನೆ ಇಷ್ಟು ಚೆನ್ನಾಗಿದೆ ಅಂತ ನನಗೇ ಗೊತ್ತಿರಲಿಲ್ಲ” ಎಂದು ಹಿಗ್ಗಿಹೋದ. ಆಮೇಲೆ ಬಾಗಿಲ ಮುಂದಿನ ಕತ್ತೆ ಹೋಯಿತು. ಬೀದಿ ದೀಪದ ಕಂಬ ಹೋಯಿತು. ಬಿರುಕುಗಳು ಮುಚ್ಚಿದವು. ಗಂಡ ಒಂದು ದಿನ ಕತ್ತೆಯಿಲ್ಲದ ಆ ಬೀದಿಯನ್ನು ತುಂಬ ಹೊತ್ತು ನೋಡುತ್ತ ನಿಂತ. ಬೈಯುತ್ತಾನೇನೋ ಎಂದು ಅವಳು ಕಾದಳು. ಅವನು ಏನೂ ಅನ್ನಲಿಲ್ಲ. ಮಾರನೆಯ ದಿನ ಪೇಟೆಯಿಂದ ಇನ್ನೂ ಸಣ್ಣದೊಂದು ಕುಂಚ ತಂದುಕೊಟ್ಟ. ಗಂಡ ಹೆಂಡತಿ ಈ ವಿಷಯ ಮಾತಾಡಿದ್ದು ಅಷ್ಟೇ, ಅಂದರೆ ಮಾತಾಡಲೇ ಇಲ್ಲ.

ನಲವತ್ತು ವರ್ಷ ಅವಳು ಹಿಂದಿನ ಕೋಣೆಯಲ್ಲಿ ಅಕ್ಕಿ ಆರಿಸುತ್ತ ಕೂತಿರುತ್ತಾಳೆ ಎಂದೇ ಬೀದಿಯವರು ತಿಳಿದಿದ್ದರು. ಅವಳೂ ಹೌದೆನ್ನುತ್ತಿದ್ದಳು. ದಿನಕ್ಕೆ ಐದು ಗಂಟೆ ಅಕ್ಕಿ ಆರಿಸುವ ಮನೆಯಲ್ಲಿ ಅನ್ನದಲ್ಲಿ ಕಲ್ಲು ಸಿಗುವುದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ.

ಅಜ್ಜಿಗೆ ಎಂಬತ್ತೆರಡಾದಾಗ ಊರಿಗೆ ಹಳೆಯದರ ಮೇಲೆ ಪ್ರೀತಿ ಉಕ್ಕಿತು. ಹಳೆಯ ಕಟ್ಟಡಗಳನ್ನು ಮೊದಲಿದ್ದ ಹಾಗೆ ಮಾಡಬೇಕೆಂದು ಒಂದು ಸಮಿತಿಯಾಯಿತು. ನಿವೃತ್ತ ಹೆಡ್ ಮೇಷ್ಟ್ರು ಅಧ್ಯಕ್ಷರು. ಮೊದಲು ಹೇಗಿತ್ತು ಎನ್ನುವುದಕ್ಕೆ ಸಾಕ್ಷಿ ಬೇಕಲ್ಲ? ಫೋಟೋ ಮಾಮನ ಫೋಟೋಗಳಿವೆ. ಸರಿ, ಸಮಿತಿ ಮೊದಲು ಕೈಹಾಕಿದ್ದು ವಾಚನಾಲಯಕ್ಕೆ. ಫೋಟೋದಲ್ಲಿ ಬಾಗಿಲ ಎರಡೂ ಕಡೆ ಒಂದೊಂದು ಕಿಟಕಿ. ಕಟ್ಟಡ ನೋಡಿದರೆ ಎಡಗಡೆ ಮಾತ್ರ ಕಿಟಕಿ. ಬಲಗಡೆಯದನ್ನು ಯಾರೋ ಮುಚ್ಚಿಬಿಟ್ಟಿದ್ದಾರೆ ಎಂದು ಮೇಷ್ಟ್ರು ಕೋಪಮಾಡಿಕೊಂಡರು, ಒಂದೂವರೆ ಅಡಿ ದಪ್ಪದ ಗೋಡೆ ಒಡೆಸಿದರು, ಕಿಟಕಿ ಇಡಿಸಿದರು. ಕಿಟಕಿಯ ಹಿಂದೆ ಮಹಡಿಯ ಮೆಟ್ಟಿಲಿತ್ತು. ಈಗ ಪುಸ್ತಕ ತರಲು ಮೇಲೆ ಹತ್ತುವವರ ಮೊಣಕಾಲು ಬೀದಿಗೆ ಕಾಣಿಸುತ್ತದೆ. ಉದ್ಘಾಟನೆಯ ದಿನ ಮೇಷ್ಟ್ರು ಇಪ್ಪತ್ತು ನಿಮಿಷ ಆ ಕಿಟಕಿಯ ಮೇಲೆಯೇ ಭಾಷಣ ಮಾಡಿದರು. ಮೆಟ್ಟಿಲಿಗೆ ಗಾಳಿ ಬೆಳಕು ಬರಲೆಂದು ಹಿಂದಿನವರು ಎಷ್ಟು ಯೋಚಿಸಿದ್ದರು, ಇಂದಿನವರಿಗೆ ಆ ಬುದ್ಧಿ ಎಲ್ಲಿದೆ ಎಂದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಡಗಡೆ ಕಿಟಕಿ ಇದ್ದು ಬಲಗಡೆ ಇಲ್ಲದಿದ್ದರೆ ಒಕ್ಕಣ್ಣಿನ ಹಾಗೆ ಕಾಣುತ್ತದೆಂದು ಅರವತ್ತು ವರ್ಷದ ಹಿಂದೆ ಆ ಕಿಟಕಿಯನ್ನು ಬ್ಲೇಡಿನಲ್ಲಿ ಕೆರೆದು ಮಾಡಿದ್ದು ಅವಳೇ. ಹೇಳಬೇಕಿತ್ತು, ಹೇಳಲಿಲ್ಲ. ಸತ್ಯ ಹೇಳಬೇಕೆಂದರೆ ಅವಳಿಗೆ ತುಂಬ ಖುಷಿಯಾಗಿತ್ತು. ಊರೇ ತನ್ನ ಕೈಕೆಲಸದ ಹಿಂದೆ ಬಂದು ನಿಂತರೆ ಯಾರಿಗೆ ತಾನೆ ಖುಷಿಯಾಗುವುದಿಲ್ಲ?

ಅವಳ ಜೊತೆ ಕೂತಿದ್ದ ಮಗಳಿಗಂತೂ ಕಣ್ಣು ತುಂಬಿ ಬಂದಿತ್ತು. ಈ ಮಗಳು ಈಗ ಸ್ಟುಡಿಯೋದ ಮುಂಭಾಗದಲ್ಲಿ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸ್ ನಡೆಸುವವಳು. ಅಪ್ಪನೆಂದರೆ ಅವಳಿಗೆ ಪ್ರಾಣ. ವಾಚನಾಲಯದ ಮೇಲಿನ ಹಾಲ್‌ಗೆ ಅಪ್ಪನ ಹೆಸರಿಡಬೇಕೆಂದು ಎರಡು ವರ್ಷ ಓಡಾಡಿ ಒಪ್ಪಿಸಿದ್ದಳು. ಫಲಕ ಬರೆಸಿಯೂ ಆಗಿತ್ತು. ‘ಸತ್ಯವನ್ನು ಮಾತ್ರ ಸೆರೆಹಿಡಿದವರು’ ಎಂದು ಹೆಸರಿನ ಕೆಳಗೊಂದು ಸಾಲು.

ವಾಚನಾಲಯವಾದ ಮೇಲೆ ಶಾಲೆಯ ಸರದಿ. ಶುಕ್ರವಾರ ಸಂಜೆ ಸಮಿತಿಯ ಇಂಜಿನಿಯರ್ ಹುಡುಗಿ ಅಜ್ಜಿಯ ಮನೆಗೆ ಬಂದಳು. ಚುರುಕಾದ ಹುಡುಗಿ, ಕೈಯಲ್ಲಿ ನಕ್ಷೆ.

“ಅಜ್ಜಿ, ಸೋಮವಾರ ಶಾಲೆ ಕೆಲಸ ಶುರು ಮಾಡ್ತೀವಿ. ಮುಂದುಗಡೆ ಗೋಡೆಗೆ ಕಪ್ಪು ಕಲ್ಲಿನ ಆಸರೆ ಒಂದು ಕೊಟ್ಟಿದಾರಲ್ಲ, ಮೊದಲು ಅದನ್ನ ಕೆಡವಿಬಿಡೋಣ ಅಂತ.”

ಅಜ್ಜಿ ಚಹದ ಲೋಟ ಕೆಳಗಿಟ್ಟಳು. “ಕೆಡವಿದ್ರೆ ಗೋಡೆ ಬೀಳಲ್ವೇನಮ್ಮ?”

“ಯಾಕೆ ಬೀಳತ್ತೆ? ನಿಮ್ಮ ಯಜಮಾನರ ಫೋಟೋದಲ್ಲಿ ಆ ಆಸರೇನೇ ಇಲ್ಲ. ಆಮೇಲೆ ಯಾರೋ ಸುಮ್ಮನೆ ಕಟ್ಟಿದ್ದು. ಅದಿಲ್ದೇನೇ ಫೋಟೋದಲ್ಲಿ ಗೋಡೆ ಎಷ್ಟು ನೆಟ್ಟಗೆ ನಿಂತಿದೆ ನೋಡಿ, ದಾರ ಹಿಡಿದ ಹಾಗೆ.”

ನೆಟ್ಟಗೆ ನಿಲ್ಲದೆ ಏನು? ಆ ನೇರಕ್ಕಾಗಿ ಅಜ್ಜಿ ಮೂರು ಮಧ್ಯಾಹ್ನ ಉಸಿರು ಬಿಗಿಹಿಡಿದು ಕೂತಿದ್ದಳು. ಸುಣ್ಣದ ಬಿಳಿ ಗೋಡೆಗೆ ಆತುಕೊಂಡಿದ್ದ ಆ ದಪ್ಪ ಕರಿಗಲ್ಲು ಅವಳ ಕಣ್ಣಿಗೆ ಸಹ್ಯವಾಗಿರಲಿಲ್ಲ. ಕೆಂಪು ಬಣ್ಣ ತೆಳುವಾಗಿ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ, ಅದನ್ನೂ ಅದರ ನೆರಳನ್ನೂ ಅಳಿಸಿ, ಗೋಡೆಯ ಅಂಚನ್ನು ನೇರ ಮಾಡಿದ್ದಳು. ನಿಜವಾದ ಗೋಡೆ ಕಟ್ಟಿದ ವರ್ಷವೇ ಹೊಟ್ಟೆ ಬಿಟ್ಟಿತ್ತು. ಆಗ ಅವಳು ಅದೇ ಶಾಲೆಯಲ್ಲಿ ಎರಡನೇ ತರಗತಿ. ಮೂರು ದಿನ ರಜ ಕೊಟ್ಟು ಗಡಿಬಿಡಿಯಲ್ಲಿ ಆಸರೆ ಕಟ್ಟಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಇತ್ತೀಚೆಗೆ ಬಳಿದ ಗಾರೆಯಲ್ಲಿ ಆ ಉಬ್ಬು ಮುಚ್ಚಿಹೋಗಿ ಹೊರಗೆ ಕಾಣುತ್ತಿರಲಿಲ್ಲ. ಈಗ ಆ ಗೋಡೆಯ ಹಿಂದೆ ಒಂದನೇ ತರಗತಿಯ ಮೂವತ್ತು ಮಕ್ಕಳು ಕೂರುತ್ತವೆ. ಹೊರಗಿನ ಕೆಲಸ ತಾನೆ, ಪಾಠ ನಿಲ್ಲಿಸುವುದೇನೂ ಬೇಡ ಎಂದು ಮೇಷ್ಟ್ರು ಹೇಳಿದ್ದಾರಂತೆ.

ಶನಿವಾರ ಊಟಕ್ಕೆ ಕೂತಾಗ ಅಜ್ಜಿ ಮಗಳಿಗೆ ಎಲ್ಲ ಹೇಳಿದಳು. ಮಗಳು ತಟ್ಟೆಯಿಂದ ಕೈ ತೆಗೆದಳು.

“ಅಪ್ಪ ಒಂದು ಗೆರೆ ತಿದ್ದಿದೋರಲ್ಲ.”

“ಅವರು ತಿದ್ದಲಿಲ್ಲ ಕಣೇ. ತಿದ್ದಿದ್ದು ನಾನು. ಅವರು ಬೇಡ ಅನ್ನಲಿಲ್ಲ, ಅಷ್ಟೇ.”

“ಊರಿಗೆ ಗೊತ್ತಾದ್ರೆ ಅಪ್ಪ ಸುಳ್ಳುಗಾರ ಆಗ್ತಾರೆ. ಆ ಫಲಕ ನೋಡಿ ಜನ ನಗ್ತಾರೆ. ಅಮ್ಮ, ಫೋಟೋ ವಿಷಯ ತೆಗೀಬೇಡ. ಬೇರೆ ಏನಾದ್ರೂ ಹೇಳಿ ಕೆಲಸ ನಿಲ್ಸು.”

ಅಜ್ಜಿಗೂ ಅದೇ ಬೇಕಿತ್ತು. ಗಂಡನ ಹೆಸರಿಗೆ ತನ್ನ ಕೈಯಿಂದ ಮಸಿ ಬಳಿಯುವುದು ಯಾವ ಹೆಂಡತಿಗೆ ಇಷ್ಟ? ಭಾನುವಾರ ಬೆಳಿಗ್ಗೆ ಮೇಷ್ಟ್ರ ಮನೆಗೆ ಹೋಗಿ, ಆಸರೆ ಕಟ್ಟಿದ್ದನ್ನು ತಾನು ಕಣ್ಣಾರೆ ಕಂಡಿದ್ದೇನೆ, ಅದನ್ನು ಮುಟ್ಟಬೇಡಿ ಎಂದಳು. ಮೇಷ್ಟ್ರು ದೊಡ್ಡದಾಗಿ ನಕ್ಕರು.

“ಅತ್ತಿಗೆ, ಅಣ್ಣ ತೆಗೆದ ಫೋಟೋಗಿಂತ ನಿಮ್ಮ ನೆನಪು ದೊಡ್ಡದಾ? ಫೋಟೋದಲ್ಲಿ ಇಲ್ಲ ಅಂದ್ರೆ ಇರಲಿಲ್ಲ, ಮುಗೀತು.”

ತನ್ನ ಕುಂಚವೇ ತನ್ನ ಬಾಯಿ ಮುಚ್ಚಿಸಿತು. ಅಜ್ಜಿ ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದಳು.

ಸೋಮವಾರ ಬೆಳಿಗ್ಗೆ ಅವಳು ಶಾಲೆಯ ಗಾಜನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು, ಇನ್ನೊಂದು ಕೈಯಲ್ಲಿ ನೀರಿನ ಬಾಟಲಿ ಹಿಡಿದು ಹೊರಟಳು. ಮಗಳು ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎಳೆದು ಹಿಂದೆಯೇ ಓಡಿದಳು. ಶಾಲೆಯ ಮುಂದೆ ನಾಲ್ಕು ಜನ ಹಾರೆ ಹಿಡಿದು ನಿಂತಿದ್ದರು. ಒಳಗೆ ಮಗ್ಗಿ ನಡೆಯುತ್ತಿತ್ತು.

“ಸ್ವಲ್ಪ ತಡೀರಪ್ಪ” ಎಂದಳು ಅಜ್ಜಿ. “ಫೋಟೋದಲ್ಲಿ ಆ ಕಲ್ಲು ಇತ್ತು. ನಾನೇ ಅಳಿಸಿದ್ದು.”

ಮೇಷ್ಟ್ರು ಮಗಳ ಕಡೆ ತಿರುಗಿ ಮೆಲ್ಲಗೆ, “ಅರವತ್ತಕ್ಕೆ ಅರಳು ಮರಳು ಅಂತಾರೆ, ಇವರಿಗೆ ಎಂಬತ್ತು ದಾಟಿದೆ. ಮನೆಗೆ ಕರ್ಕೊಂಡು ಹೋಗಮ್ಮ” ಎಂದರು. ಮಗಳು ಒಂದು ಮಾತು ಹೌದು ಎಂದಿದ್ದರೆ ಸಾಕಿತ್ತು. ಅವಳು ತಲೆ ತಗ್ಗಿಸಿ ನಿಂತಳು, ಹೌದು ಅನ್ನಲಿಲ್ಲ.

ಇಂಜಿನಿಯರ್ ಹುಡುಗಿ ಗಾಜನ್ನು ಬೆಳಕಿಗೆ ಹಿಡಿದು ಭೂತಗನ್ನಡಿ ಇಟ್ಟು ನೋಡಿದಳು. ಮೂಲೆಯಿಂದ ಮೂಲೆಗೆ ಎರಡು ಸಲ ನೋಡಿದಳು. ಅರವತ್ತು ವರ್ಷದಲ್ಲಿ ಗಾಜಿನ ಕಪ್ಪೆಲ್ಲ ಕೆಂಪಗೆ ಮಾಸಿತ್ತು, ಹಚ್ಚಿದ ಕೆಂಪು ಅದರಲ್ಲಿ ಕಲೆತುಹೋಗಿತ್ತು. “ಇಲ್ಲ ಅಜ್ಜಿ. ಮೂರು ತಿಂಗಳಿಂದ ಇದರ ಪ್ರಿಂಟ್ ನೋಡ್ತಿದೀನಿ. ಇಲ್ಲಿ ಯಾರೂ ಕೈಯಾಡಿಸಿಲ್ಲ. ಒಂದು ಗುರುತೂ ಇಲ್ಲ.”

ಇಂಥ ಹೊತ್ತಿನಲ್ಲಿ ಅಜ್ಜಿಗೆ ನಾಚಿಕೆಯಾಗಬೇಕಿತ್ತು, ಭಯವಾಗಬೇಕಿತ್ತು. ಆದದ್ದು ಸಂತೋಷ. ಅರವತ್ತು ವರ್ಷದಲ್ಲಿ ಮೊದಲ ಸಲ ತಿಳಿದವರೊಬ್ಬರು ಅವಳ ಕೆಲಸವನ್ನು ಕನ್ನಡಿ ಹಿಡಿದು ನೋಡಿದ್ದರು, ತಪ್ಪು ಹುಡುಕಿ ಸೋತಿದ್ದರು. ಅವಳು ಆ ಗಾಜನ್ನು ಕೈಗೆ ತೆಗೆದುಕೊಂಡು ಒಂದು ಗಳಿಗೆ ನೋಡಿದಳು. ನಾನೂರರಲ್ಲಿ ಇದಕ್ಕಿಂತ ಚೆನ್ನಾಗಿ ಕೂತದ್ದು ಇನ್ನೊಂದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆಮೇಲೆ ಸೆರಗಿನ ತುದಿ ಒದ್ದೆ ಮಾಡಿ ಗಾಜಿನಲ್ಲಿದ್ದ ಗೋಡೆಯ ಮೇಲೆ ಇಟ್ಟಳು.

ಬಣ್ಣ ನೆನೆಯಲು ಸ್ವಲ್ಪ ಹೊತ್ತು ಹಿಡಿಯಿತು. ಸೆರಗು ಗುಲಾಬಿ ಬಣ್ಣಕ್ಕೆ ತಿರುಗಿತು, ಆಮೇಲೆ ಕೆಂಪಗಾಯಿತು. ಹುಡುಗಿ ಗಾಜನ್ನು ಆಕಾಶಕ್ಕೆ ಹಿಡಿದು, ಫೋನಿನಲ್ಲಿ ತೆಗೆದು, ಕಪ್ಪನ್ನು ಬಿಳಿಯಾಗಿ ಬಿಳಿಯನ್ನು ಕಪ್ಪಾಗಿ ತಿರುಗಿಸಿ ನೋಡಿದಳು. ದಪ್ಪ ಕರಿಗಲ್ಲು ತನ್ನ ನೆರಳಿನ ಸಮೇತ ಅಲ್ಲಿ ನಿಂತಿತ್ತು. ಅದರ ಮೇಲೆ ಗೋಡೆ ಹೊಟ್ಟೆ ಬಿಟ್ಟುಕೊಂಡು ಕೂತಿತ್ತು. ಹುಡುಗಿ ಹೋಗಿ ಗೋಡೆಗೆ ಅಂಗೈ ಇಟ್ಟಳು. ಒಳಗೆ ಮಕ್ಕಳು ಏಳರ ಮಗ್ಗಿಗೆ ಬಂದಿದ್ದರು.

“ಹಾರೆ ಗಾಡಿಗೆ ಹಾಕಿ” ಎಂದಳು ಅವಳು.

ಮೇಷ್ಟ್ರು ಗಾಜನ್ನು ತಾವೂ ಬೆಳಕಿಗೆ ಹಿಡಿದು ನೋಡಿದರು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಮೂವತ್ತು ವರ್ಷ ಇದೇ ಶಾಲೆಯಲ್ಲಿ ಮಕ್ಕಳಿಗೆ ಕಾಪಿ ಬರೆಸಿದವರು ಅವರು. ಕೊನೆಗೆ ಅಳುಕುತ್ತ ಕೇಳಿದರು, “ಅತ್ತಿಗೆ, ವಾಚನಾಲಯದ ಕಿಟಕಿ?”

“ಅದೂ ನಂದೇ ಮೇಷ್ಟ್ರೇ.”

ಮೇಷ್ಟ್ರು ಶಾಲೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹಾಲ್‌ನ ಹೆಸರಿನ ಬಗ್ಗೆ ಸಮಿತಿಯಲ್ಲಿ ಇನ್ನೊಮ್ಮೆ ಯೋಚಿಸೋಣ ಎಂದರು. ಅಜ್ಜಿ ಆಗಲಿ ಎಂದಳು. ಆ ಮಾತು ಹೇಳುವಾಗ ಮಾತ್ರ ಅವಳಿಗೆ ಅಳು ಬಂತು.

ಎರಡು ದಿನ ಮಗಳು ಮಾತಾಡಲಿಲ್ಲ. ಹೊತ್ತುಹೊತ್ತಿಗೆ ಊಟ ಬಡಿಸಿದಳು, ಮಾತ್ರೆ ಕೊಟ್ಟಳು. ಊರು ಆಗಲೇ ಫೋಟೋ ಮಾಮನ ಫೋಟೋಗಳನ್ನು ಗೋಡೆಯಿಂದ ಇಳಿಸಿ ಕಿಟಕಿ ಎಣಿಸುತ್ತಿತ್ತು. ದರ್ಜಿಯಂತೂ ತಾತನ ಮಹಡಿಯ ಗತಿ ಏನು ಎಂದು ಕೇಳಲು ಎರಡು ಸಲ ಬಂದು, ಕೇಳುವ ಧೈರ್ಯವಿಲ್ಲದೆ ವಾಪಸು ಹೋದ.

ಮೂರನೆಯ ದಿನ ಮಧ್ಯಾಹ್ನ ಮಗಳು ಒಂದು ಫೋಟೋ ತಂದು ಅಜ್ಜಿಯ ಮುಂದಿಟ್ಟಳು. ಅಪ್ಪ ಅಮ್ಮನ ಮದುವೆಯ ಫೋಟೋ. ಕುರ್ಚಿಯಲ್ಲಿ ಕೂತ ಅಪ್ಪ ಬಾಯಿಯ ಒಂದು ತುದಿಯಲ್ಲಿ ನಗುತ್ತಿದ್ದಾನೆ. ಆ ನಗು ಊರಿಗೆಲ್ಲ ಗೊತ್ತಿದ್ದ ನಗು. ಅಳುವ ಮಕ್ಕಳನ್ನು ಕ್ಯಾಮೆರಾದ ಮುಂದೆ ಸುಮ್ಮನಾಗಿಸಿದ ನಗು. ಕೊನೆಯ ದಿನ ಆಸ್ಪತ್ರೆಯಲ್ಲಿ ಮಗಳು ಕೈ ಹಿಡಿದುಕೊಂಡಾಗಲೂ ಅವನು ಹಾಗೆಯೇ ನಕ್ಕಿದ್ದ.

“ಇದ್ರಲ್ಲಿ ಏನು ತಿದ್ದಿದೀಯ, ಹೇಳಿಬಿಡು” ಎಂದಳು ಮಗಳು.

ಅಜ್ಜಿ ಕನ್ನಡಕ ಸರಿಮಾಡಿಕೊಂಡಳು. ಸುಳ್ಳು ಹೇಳಿದರೆ ನಡೆಯುತ್ತಿತ್ತು. ಮಗಳ ಮುಖ ನೋಡಿದರೆ ಸುಳ್ಳನ್ನೇ ಬೇಡುತ್ತಿದ್ದಳೇನೋ ಅನ್ನಿಸಿತು.

“ಕೈ ಪಳಗಲಿ ಅಂತ ಅವರು ಮೊದಲು ಕೊಟ್ಟಿದ್ದೇ ಇದರ ಗಾಜು. ನಿಮ್ಮಪ್ಪ ಆವತ್ತು ನಗ್ತಿರಲಿಲ್ಲ. ಯಾರೋ ಹಿಡಿದು ತಂದು ಕೂರಿಸಿದ ಹಾಗೆ ಮುಖ ಇತ್ತು. ನಂಗೆ ಹೆದರಿಕೆ ಆಗೋದು ಅದನ್ನ ನೋಡಿದ್ರೆ. ಬಾಯಿ ತುದೀಗೆ ಎರಡು ಗೆರೆ ಎಳೆದೆ.”

ಮಗಳು ಫೋಟೋ ಎತ್ತಿಕೊಂಡಳು. “ಮತ್ತೆ ಅಪ್ಪ ಯಾವಾಗ್ಲೂ ಹೀಗೇ ನಗ್ತಿದ್ರಲ್ಲ?”

“ಫೋಟೋ ನೋಡಿ ಕಲಿತ್ರು” ಎಂದಳು ಅಜ್ಜಿ. “ಒಂದು ವರ್ಷ ಹಿಡೀತು. ಆಮೇಲೆ ಬಿಡಲೇ ಇಲ್ಲ.”